ನಾಲ್ಕು ಚಮಚ ಖಾರದ ಪುಡಿ

ಹೆಂಡತಿಯ ತಮ್ಮ ಊಟಕ್ಕೆ ಬರ್ತಾನೆ ಅಂತ ಗೊತ್ತಾದಾಗ, "ಇವತ್ತು ರಾತ್ರಿ ಕೋಳಿ ಸಾರು ನಂದು" ಎಂದು ನಾನೇ ಬಾಯಿಬಿಟ್ಟೆ. ಯಾರೂ ಕೇಳಿರಲಿಲ್ಲ. ಹೆಂಡತಿ "ನಿಜವಾಗ್ಲೂ?" ಎಂದು ಒಂದೇ ಸಲ ಕೇಳಿದಳು. ನಾನು ಮನಸ್ಸು ಬದಲಾಯಿಸುವ ಮೊದಲೇ ಹೋಗಿ ಟೀವಿ ಮುಂದೆ ಕೂತಳು.

ಅಂಗಡಿಯವನು "ನಾಟಿನಾ, ಫಾರಮ್ಮಾ ಸಾರ್?" ಎಂದ. ಮಂಡ್ಯ ಕಡೆಯವನು ನಾನು. ಹತ್ತು ಜನರ ಎದುರು ಫಾರಂ ಕೋಳಿ ಕೊಡು ಅನ್ನೋದು ಹೇಗೆ? "ನಾಟಿ" ಎಂದೆ, ಸ್ವಲ್ಪ ಜೋರಾಗಿಯೇ. ಅವನು ಪುಕ್ಕ ತೆಗೆದು, ಅರಿಶಿನ ಬಳಿದು, ಬೆಂಕಿಯಲ್ಲಿ ಸುಟ್ಟು, ತುಂಡು ಮಾಡಿ ಕೊಟ್ಟ. ಆ ಸುಟ್ಟ ಚರ್ಮದ ವಾಸನೆಗೇ ಅರ್ಧ ಸಾರು ಆದ ಹಾಗೆ ಅನ್ನಿಸಿತು. ಆಮೇಲೆ ನೋಡಿದರೆ, ಚೆನ್ನಾಗಿ ಆಗಿದ್ದು ಆ ಅರ್ಧ ಮಾತ್ರ.

ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಅವ್ವನ ಅಡುಗೆಯಲ್ಲಿ ಅಳತೆ ಅನ್ನೋದೇ ಇಲ್ಲ. ಕಾಯಿ ಎಷ್ಟು? "ಒಂದ್ ಹಿಡಿ." ಗಸಗಸೆ? "ಒಸಿ." ಹುರಿಗಡಲೆ? "ಸಾರು ಗಟ್ಟಿ ಆಗೋಷ್ಟು ಹಾಕ್ಲಾ." ಉಪ್ಪು? "ಅದ್ನೂ ನಾನೇ ಹೇಳ್ಬೇಕೇನ್ಲಾ?" ಅಷ್ಟು ಹೊತ್ತು ಮಾತಾಡಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು ಲೆಕ್ಕ: "ಖಾರದ್ ಪುಡಿ ನಾಕ್ ಚಮ್ಚ." ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಅದನ್ನು ಹಿಡಿದುಕೊಂಡೆ.

ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಹುರಿದೆ. ಕಾಯಿ, ಕೊತ್ತಂಬರಿ ಸೊಪ್ಪಿನ ಜೊತೆ ರುಬ್ಬಿದೆ. ಎಣ್ಣೆಯಲ್ಲಿ ಕೋಳಿ ಬಾಡಿಸಿ, ಮಸಾಲೆ, ನಾಲ್ಕು ಚಮಚ ಪುಡಿ, ನೀರು ಹಾಕಿ ಕುಕ್ಕರ್ ಮುಚ್ಚಿದೆ. ಮೂರು ಕೂಗು. ತೆಗೆದು ಒಂದು ತುಂಡು ಒತ್ತಿ ನೋಡಿದರೆ, ನನ್ನ ಸ್ಕೂಟರಿನ ಹಿಂದಿನ ಟೈರೇ ಇದಕ್ಕಿಂತ ಮೆತ್ತಗಿದೆ.

ಮತ್ತೆ ಫೋನು. "ಹುಂಜಾನೋ, ಹ್ಯಾಟೆನೋ?" ಎಂದಳು ಅವ್ವ. ಕವರಿನೊಳಗೆ ಬಂದ ಕೋಳಿ ಹಾಗೆಲ್ಲ ಗುರುತು ಹೇಳುತ್ತಾ? ಕಾಲಿನ ತುಂಡು ನೋಡಿದರೆ ಹುಂಜವೇ ಇರಬೇಕು. ಫಾರಂ ಕೋಳಿ ಆರು ವಾರಕ್ಕೆಲ್ಲ ಬೆಳೆದು ಅಂಗಡಿಗೆ ಬರುತ್ತೆ. ಕೂತಲ್ಲೇ ತಿಂದು ಬೆಳೆದದ್ದು, ಎರಡು ಕೂಗಿಗೆ ಬೆಂದುಬಿಡುತ್ತೆ. ನಾಟಿಯದು ಹಾಗಲ್ಲ. ತಿಂಗಳುಗಟ್ಟಲೆ ತಿಪ್ಪೆ ಕೆದರಿ, ನಾಯಿಯಿಂದ ತಪ್ಪಿಸಿಕೊಂಡು ಓಡಿ, ಬೇಲಿ ಹಾರಿ ಗಟ್ಟಿಯಾದ ಮೈ ಅದು. ಅಷ್ಟು ಸುಲಭಕ್ಕೆ ಮೆತ್ತಗಾಗುತ್ತಾ? ಇನ್ನೂ ಮೂರು ಕೂಗು ಕೂಗಿಸಿದೆ. ಆಮೇಲೆ ಇನ್ನೂ ನಾಲ್ಕು. ಪಾಪ, ಆ ಹುಂಜ ಬದುಕಿದ್ದಾಗ ಕೂಗಿದ್ದಕ್ಕಿಂತ ಕುಕ್ಕರೊಳಗೆ ಕೂಗಿದ್ದೇ ಜಾಸ್ತಿ.

ಅಂತೂ ಬೆಂದಿತು. ಸೌಟಿನ ತುದಿಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿವಿಯೊಳಗೆ ಏನೋ ಗುಂಯ್ ಎಂದಿತು.

ಮೂರನೇ ಫೋನು. "ಯಾವ್ ಪುಡಿ ಹಾಕ್ದೆ?" "ಅಂಗಡೀದು, ಪ್ಯಾಕೆಟ್ಟು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದು ಬರೀ ಮೆಣಸಿನ್ಕಾಯ್ ಕಣ್ಲಾ!"

ಆಗ ಹೊಳೆಯಿತು. ನಮ್ಮೂರ ಕಡೆ ಮನೆಯ ಖಾರದ ಪುಡಿ ಅಂದರೆ ಹೆಸರಿಗೆ ಮಾತ್ರ ಖಾರ. ಬ್ಯಾಡಗಿಯ ಬಣ್ಣಕ್ಕೆ ಗುಂಟೂರಿನ ಖಾರ ಸೇರಿಸಿ, ಅದಕ್ಕೆ ಧಾರಾಳವಾಗಿ ಧನಿಯ, ಜೀರಿಗೆ, ಮೆಣಸು, ಮೆಂತ್ಯ ಹುರಿದು ಹಾಕಿ, ಮಿಲ್ಲಿನ ಮುಂದೆ ಸೀನುತ್ತಾ ನಿಂತು ಬೀಸಿಸಿಕೊಂಡು ಬರುವ ಪುಡಿ ಅದು. ಚಿಕ್ಕವನಿದ್ದಾಗ ಆ ಡಬ್ಬ ಹೊತ್ತುಕೊಂಡು ಬರ್ತಿದ್ದವನೇ ನಾನು. ಒಳಗೇನಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ನೀರು ಹಾಕಿದೆ. ಖಾರ ನೀರಿಗೆ ಕರಗುವ ಜಾತಿಯದ್ದಲ್ಲ. ಸಾರು ಜಾಸ್ತಿಯಾಯಿತು ಅಷ್ಟೇ. ಆಲೂಗಡ್ಡೆ ಹಾಕಿದೆ. ಇನ್ನೊಂದು ಹೋಳು ಕಾಯಿ ರುಬ್ಬಿ ಹಾಕಿದೆ. ಕುಕ್ಕರ್ ಸಾಲದೆ ಹಬ್ಬದ ಪಾತ್ರೆ ಅಟ್ಟದಿಂದ ಇಳಿಯಿತು. ನಾಲ್ಕು ಜನರ ಸಾರು ಬೀಗರೂಟದ ಸಾರಾಯಿತು. ಹೆಂಡತಿ ಒಮ್ಮೆ ಬಂದು ಇಣುಕಿ, ಏನೂ ಮಾತಾಡದೆ ಮೊಸರಿನ ಪಾತ್ರೆ ಎತ್ತಿಕೊಂಡು ಹೋಗಿ ಮಜ್ಜಿಗೆ ಕಡೆಯಲು ಕೂತಳು. ಅನುಭವ ಅಂದರೆ ಅದು.

ಮುದ್ದೆಯ ವಿಷಯ ಜಾಸ್ತಿ ಹೇಳಲ್ಲ. ಗಂಟಾಗಿತ್ತು. ಮುದ್ದೆ ನುಂಗುವ ಪದಾರ್ಥ, ಹಾಗಾಗಿ ಖಾರ ಬಾಯಲ್ಲಿ ನಿಲ್ಲದೆ ಇಳಿದುಹೋಗಬೇಕಿತ್ತು. ಗಂಟು ಸಿಕ್ಕಿದಾಗೆಲ್ಲ ಅಗಿಯಬೇಕಾಯಿತು, ಅಗಿದಷ್ಟೂ ಉರಿ.

ರಾತ್ರಿ ಹತ್ತೂವರೆಗೆ ಎಲ್ಲರೂ ಊಟಕ್ಕೆ ಕೂತೆವು. ಭಾವಮೈದ ತುಂಬಾ ಮರ್ಯಾದಸ್ಥ. "ಭಾವ, ಚೆನ್ನಾಗಿದೆ" ಎಂದ, ಕಣ್ಣಿಂದ ಧಾರಾಕಾರ ನೀರು ಸುರಿಸುತ್ತಾ. ನಾಲ್ಕನೇ ಲೋಟ ಮಜ್ಜಿಗೆ ಮುಗಿಸಿ, "ಪೀಸ್ ಮಾತ್ರ ಸೂಪರ್ರಾಗಿ ಬೆಂದಿದೆ" ಅಂತಾನೂ ಸೇರಿಸಿದ. ಹತ್ತು ಕೂಗು ಕೂಗಿದ ಹುಂಜಕ್ಕೆ ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ.

ಕೈ ತೊಳೆಯುವ ಹೊತ್ತಿಗೆ ಅವ್ವನೇ ಫೋನ್ ಮಾಡಿದಳು. "ಸಾರು ಹೆಂಗಾಯ್ತ್ಲಾ?"

"ಚೆನ್ನಾಗಾಯ್ತು ಕಣವ್ವ" ಎಂದೆ, ಮೂಗು ಏರಿಸುತ್ತಾ.

"ಅಯ್ಯೋ ಮಗಾ, ಯಾಕ್ಲಾ ಅಳ್ತಿದ್ದೀಯೆ? ಹೆಂಡ್ತಿ ಬೈದ್ಲಾ?"