ಬೆಕ್ಕಿನ ಹೆಸರಿಗೊಂದು ಬಂದೋಬಸ್ತು

ಬೆಕ್ಕಿನ ಹೆಸರಿಗೆ ಆಸ್ತಿ ಬರೆಯಲು ಬರುವುದಿಲ್ಲ. ಏಕೆಂದರೆ ಕಾನೂನಿನ ಕಣ್ಣಿಗೆ ಬೆಕ್ಕೇ ಒಂದು ಆಸ್ತಿ. ಕುರ್ಚಿ, ಕಪಾಟು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ನಿಲ್ಲುವ ಚರಾಸ್ತಿ. ಒಂದು ಚರಾಸ್ತಿ ಇನ್ನೊಂದು ಆಸ್ತಿಗೆ ಒಡೆಯನಾಗಲಾರದು ಎಂದು ವಕೀಲರು ವಿವರಿಸಿದಾಗ, ನಮ್ಮ ಮನೆಯ ಒರಗುಕುರ್ಚಿ ಯಾರದೆಂಬ ವ್ಯಾಜ್ಯ ಬಹಳ ಹಿಂದೆಯೇ ಬೆಕ್ಕಿನ ಪರವಾಗಿ ಇತ್ಯರ್ಥವಾಗಿದೆಯೆಂದು ಹೇಳಬೇಕೆನಿಸಿತು. ಆದರೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವವರ ಎದುರಿಗೆ ಹಾಸ್ಯ ದುಬಾರಿಯಾದೀತೆಂದು ಸುಮ್ಮನಾದೆ.

ಕಸ್ತೂರಿ ನಮ್ಮ ಮನೆಯ ಕಪ್ಪು ಬೆಕ್ಕು. ಮನೆಯೊಳಗೇ ಇದ್ದು, ಹೊತ್ತಿಗೆ ಸರಿಯಾಗಿ ತಿಂದು ಮಲಗುವ ಬೆಕ್ಕುಗಳು 15 ವರ್ಷ ಬದುಕುವುದು ಸಾಮಾನ್ಯ, 20 ದಾಟಿದವೂ ಉಂಟು ಎಂದು ಪಶುವೈದ್ಯರು ಹೇಳಿದ ಮೇಲೆ, ನಾನು ನನ್ನ ವಯಸ್ಸನ್ನೂ ರಕ್ತದೊತ್ತಡದ ಮಾತ್ರೆಗಳನ್ನೂ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದೆ. ನಮ್ಮಿಬ್ಬರಲ್ಲಿ ಹಿಂದೆ ಉಳಿಯುವವಳು ಕಸ್ತೂರಿಯೇ ಎಂಬ ಲಕ್ಷಣಗಳು ಕಂಡವು. ‘ಉಯಿಲಿನಲ್ಲಿ ಎರಡು ಸಾಲು ಬರೆದಿಟ್ಟರೆ ಸಾಲದೇ?’ ಎಂದು ನನ್ನ ಹೆಂಡತಿ ಕೇಳಿದಳು. ಸಾಲದು. ಉಯಿಲಿಗೆ ಜೀವ ಬರಬೇಕಾದರೆ ಬರೆದವನ ಜೀವ ಹೋಗಬೇಕು. ಹೋದ ಮೇಲೂ ಮರಣಪತ್ರ, ವಾರಸುದಾರರ ತಕರಾರು, ನ್ಯಾಯಾಲಯದ ಮೊಹರು ಎಂದು ತಿಂಗಳುಗಟ್ಟಲೆ ಎಳೆಯಬಹುದು. ಇತ್ತ ಬೆಳಗಿನ ಆರು ಗಂಟೆಗೆ ತಟ್ಟೆ ತುಂಬದಿದ್ದರೆ ಕಸ್ತೂರಿ ಆರೂಕಾಲರವರೆಗೂ ತಾಳುವವಳಲ್ಲ. ಇನ್ನು ನಾನು ಸಾಯದೆ, ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದೆನೆಂದರೆ ಉಯಿಲು ಕಪಾಟಿನಲ್ಲಿ ನನಗಿಂತಲೂ ಗಾಢವಾಗಿ ನಿದ್ರಿಸುತ್ತಿರುತ್ತದೆ. ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಪತ್ರ ಬರೆದು, ಟ್ರಸ್ಟಿ ಎಂಬ ಒಬ್ಬರ ಕೈಗೆ ಹಣ ಒಪ್ಪಿಸಿ, ಬದುಕಿರುವಾಗಲೇ ಮಾಡಿಟ್ಟ ಟ್ರಸ್ಟಾದರೆ ಅಂಥ ದಿನವೇ ಕೆಲಸಕ್ಕೆ ಬರುತ್ತದೆ.

ಆದರೆ ಟ್ರಸ್ಟ್ ಎಂದ ಮೇಲೆ ಅದರ ಹಣ ಯಾರ ಹಿತಕ್ಕೋ ಆ ಫಲಾನುಭವಿ ಬೇಕು. ಟ್ರಸ್ಟಿ ಹಣ ನುಂಗಿದರೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಕೇಳುವವರು ಬೇಕು. ಪ್ರಾಣಿಗಳು ವಕಾಲತ್ತಿಗೆ ಸಹಿ ಹಾಕುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ಕಾನೂನು ಬಹುಕಾಲ ತಡಬಡಾಯಿಸಿದೆ. ಇಂಗ್ಲೆಂಡಿನಲ್ಲಿ ಒಬ್ಬ ಆಸಾಮಿ ತನ್ನ ಕುದುರೆಗಳೂ ಬೇಟೆನಾಯಿಗಳೂ ಬದುಕಿರುವಷ್ಟು ಕಾಲ, 50 ವರ್ಷ ಮೀರದಂತೆ, ಅವುಗಳಿಗಾಗಿ ವರ್ಷಕ್ಕೆ 750 ಪೌಂಡು ತೆಗೆದಿಡಬೇಕೆಂದು ಬರೆದು ತೀರಿಕೊಂಡ. 1889ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 50 ವರ್ಷ ಬಾಳುವ ಬೇಟೆನಾಯಿಯನ್ನು ಆತ ಎಲ್ಲಿ ಕಂಡಿದ್ದನೋ ಕಾಣೆ. ಅಮೆರಿಕದಲ್ಲಿ 1990ರ ದಶಕದಿಂದ ಒಂದೊಂದೇ ರಾಜ್ಯ ಸಾಕುಪ್ರಾಣಿಗಳ ಟ್ರಸ್ಟಿಗೆ ಒಪ್ಪಿಗೆ ಕೊಡುತ್ತ ಬಂದು, 2016ರಲ್ಲಿ ಮಿನೆಸೋಟಾ ಕಡೆಯದಾಗಿ ಆ ಸಾಲಿಗೆ ಸೇರಿತು. ನಮ್ಮ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 9ನೇ ಕಲಮಾದರೋ, ಆಸ್ತಿ ಹೊಂದಲು ಅರ್ಹತೆಯುಳ್ಳ ಯಾವ ವ್ಯಕ್ತಿಯಾದರೂ ಫಲಾನುಭವಿಯಾಗಬಹುದು ಎನ್ನುತ್ತದೆ. ಆ ವಾಕ್ಯದಲ್ಲಿ ಬೆಕ್ಕು ನುಸುಳುವಷ್ಟು ಸಂದೂ ಇಲ್ಲ. ಆದ್ದರಿಂದ ವಕೀಲರು ಸುತ್ತುದಾರಿ ಹಿಡಿದರು: ಬೆಕ್ಕನ್ನು ಸಾಕುವ ಮನುಷ್ಯನೇ ಫಲಾನುಭವಿ, ಬೆಕ್ಕು ಅವನ ಬಳಿ ಸುಖವಾಗಿರುವಷ್ಟು ಕಾಲ ಅವನಿಗೆ ತಿಂಗಳಿಗಿಷ್ಟೆಂದು ಹಣ, ಬೆಕ್ಕಿನ ಸುಖ ನಿಂತರೆ ಅವನ ಹಣವೂ ನಿಲ್ಲುತ್ತದೆ.

ಎಷ್ಟು ಹಣ ಇಡಬೇಕೆಂಬ ಪ್ರಶ್ನೆಗೆ ವಕೀಲರು ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್ಸ್‌ಲಿಯ ಉದಾಹರಣೆ ಕೊಟ್ಟರು. 2007ರಲ್ಲಿ ತೀರಿಕೊಂಡ ಆಕೆ, ಇಬ್ಬರು ಮೊಮ್ಮಕ್ಕಳಿಗೆ ಬಿಡಿಗಾಸೂ ಬಿಡದೆ, ಟ್ರಬಲ್ ಎಂಬ ತನ್ನ ಪುಟ್ಟ ಮಾಲ್ಟೀಸ್ ನಾಯಿಗೆ 1.2 ಕೋಟಿ ಡಾಲರ್ ಬರೆದಿಟ್ಟಿದ್ದಳು. ಇದು ಅತಿಯಾಯಿತೆಂದು ನ್ಯಾಯಾಧೀಶರು ಮರುವರ್ಷ ಅದನ್ನು 20 ಲಕ್ಷ ಡಾಲರಿಗೆ ಇಳಿಸಿದರು. ನಾಯಿಗೆ ಕೊಲೆಬೆದರಿಕೆಗಳು ಬಂದದ್ದರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್ ಬರೀ ಕಾವಲಿಗೇ ಬೇಕಾಗುತ್ತಿತ್ತಂತೆ. ನಮ್ಮ ಕಸ್ತೂರಿಗೂ ಬೆದರಿಕೆಗಳಿವೆ. ಆದರೆ ಅವು ಪಕ್ಕದ ಮನೆಯವರ ಹೂಕುಂಡಗಳಿಗೆ ಸಂಬಂಧಪಟ್ಟವು, ಕಾವಲಿನವರನ್ನು ಇಡುವ ಮಟ್ಟದವಲ್ಲ. ಆಹಾರ, ಲಸಿಕೆ, ಮುಪ್ಪಿನಲ್ಲಿ ಬರಬಹುದಾದ ಮೂತ್ರಪಿಂಡದ ಚಿಕಿತ್ಸೆ ಎಲ್ಲವನ್ನೂ ಲೆಕ್ಕ ಹಾಕಿ ಒಂದು ಸಾಧಾರಣ ಮೊತ್ತ ನಿಗದಿಯಾಯಿತು.

ನಿಜವಾದ ತೊಂದರೆ ಶುರುವಾದದ್ದು ಮನುಷ್ಯರನ್ನು ಹುಡುಕುವಾಗ. ಹಣ ಹಿಡಿಯುವವರೂ ಬೆಕ್ಕು ಹಿಡಿಯುವವರೂ ಬೇರೆಬೇರೆಯಾಗಿರಬೇಕು, ಒಬ್ಬರ ಮೇಲೊಬ್ಬರಿಗೆ ಕಣ್ಣಿರಬೇಕು ಎಂಬುದು ವಕೀಲರ ಕಟ್ಟುನಿಟ್ಟು. ಹಣ ಹಿಡಿಯಲು ಬಂಧುವರ್ಗದಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಬೆಕ್ಕಿನ ಮಾತು ಬಂದಾಗ ಮಾತ್ರ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ನಮ್ಮ ಭಾವನವರಿಗೆ ಹಠಾತ್ತನೆ ರೋಮದ ಅಲರ್ಜಿ ಕಾಣಿಸಿಕೊಂಡಿತು. ಷಡ್ಡಕನಿಗೆ ಬೇರೆ ಊರಿಗೆ ವರ್ಗವಾಗುವ ಸೂಚನೆಗಳು ಸಿಕ್ಕವು. ಅತ್ತಿಗೆಯೊಬ್ಬರೇ ಪ್ರಾಮಾಣಿಕರು. ‘ನಿಮ್ಮಣ್ಣನನ್ನು ಸಾಕಿದ್ದೇ ಸಾಕಾಗಿದೆ, ನನಗೆ ಇನ್ನೊಂದು ಬೇಡ’ ಎಂದುಬಿಟ್ಟರು. ಕೊನೆಗೆ ಒಪ್ಪಿದವಳು ಮೇಲಿನ ಮಹಡಿಯ ಹುಡುಗಿ. ಅವಳನ್ನು ಕಸ್ತೂರಿ ಒಮ್ಮೆ ಪರಚಿದ್ದಳು. ‘ಪರವಾಗಿಲ್ಲ ಅಂಕಲ್, ನಮಗೆ ಪರಿಚಯ ಇದೆ’ ಎಂದಳು. ಆಕೆಗೆ ಒದಗದಿದ್ದರೆ ಇನ್ನೊಬ್ಬರು, ಅವರಿಗೂ ಒದಗದಿದ್ದರೆ ಮತ್ತೊಬ್ಬರು ಎಂದು ಬದಲಿ ಹೆಸರುಗಳನ್ನೂ ಬರೆಯಬೇಕೆಂದು ವಕೀಲರು ಹೇಳಿದಾಗ, ಭಾವನವರ ಅಲರ್ಜಿಯನ್ನು ಲೆಕ್ಕಿಸದೆ ಅವರನ್ನೇ ಮೂರನೆಯ ಸ್ಥಾನಕ್ಕೆ ಸೇರಿಸಿದೆ.

ಕಸ್ತೂರಿಯ ಕಾಲಾನಂತರ ಉಳಿದ ಹಣ ಯಾರಿಗೆ ಎಂಬುದು ಮುಂದಿನ ಕಲಮು. ಹಣ ಪಡೆಯುವವನ ಕೈಗೆ ಬೆಕ್ಕನ್ನು ಮಾತ್ರ ಕೊಡಕೂಡದು ಎಂದು ವಕೀಲರು ದನಿ ತಗ್ಗಿಸಿ ಹೇಳಿದರು. ಅಣ್ಣನ ಮಗನ ಹೆಸರು ಬರೆಸಿದೆ. ಅಂದಿನಿಂದ ಅವನು ಫೋನು ಮಾಡಿದಾಗಲೆಲ್ಲ ‘ಚಿಕ್ಕಪ್ಪ, ಹುಷಾರಾಗಿದ್ದೀರಾ? ಕಸ್ತೂರಿ ಹೇಗಿದ್ದಾಳೆ?’ ಎಂದು ಇಬ್ಬರನ್ನೂ ವಿಚಾರಿಸುತ್ತಾನೆ. ಎರಡನೆಯ ಪ್ರಶ್ನೆಯಲ್ಲಿ ಕಾಳಜಿ ತುಸು ಹೆಚ್ಚು.

ಗುರುತಿನ ವಿವರಕ್ಕೆ ಬಂದಾಗ ವಕೀಲರ ಗುಮಾಸ್ತರು ತಮ್ಮ ಅಭ್ಯಾಸದಂತೆ ‘ತಂದೆಯ ಹೆಸರು’ ಎಂದು ಕೇಳಿ ಪೆನ್ನು ಹಿಡಿದು ಕಾದರು. ಕಸ್ತೂರಿಯ ತಂದೆಯ ವಿಷಯದಲ್ಲಿ ಬೀದಿಯಲ್ಲಿ ಹಲವು ಅಭಿಪ್ರಾಯಗಳಿದ್ದವು. ಆ ಅಂಕಣದಲ್ಲಿ ಗೆರೆ ಎಳೆದರು. ‘ಕಪ್ಪು ಬಣ್ಣದ ಹೆಣ್ಣು ಬೆಕ್ಕು’ ಎಂದರೆ ಸಾಲದು, ಏಕೆಂದರೆ ಬೆಕ್ಕು ಸತ್ತ ಮೇಲೂ ತಿಂಗಳ ಹಣ ನಿಲ್ಲಬಾರದೆಂದು ಇನ್ನೊಂದು ಕಪ್ಪು ಬೆಕ್ಕನ್ನು ತಂದು ಕೂರಿಸಿದರೆ ಟ್ರಸ್ಟಿಗೆ ಹೇಗೆ ತಿಳಿಯಬೇಕು? ಎಚ್ಚರ ತಪ್ಪಿದರೆ 40 ವರ್ಷ ಬಾಳುವ ಬೆಕ್ಕುಗಳೂ ಕಡತದಲ್ಲಿ ಹುಟ್ಟಿಯಾವು. ಭಾವಚಿತ್ರ ತೆಗೆಸಿದೆವು. ಕಡುಗಪ್ಪು ಸೋಫಾದ ಮೇಲೆ ಮಾತ್ರ ಕೂರುತ್ತೇನೆಂದು ಕಸ್ತೂರಿ ಹಠ ಹಿಡಿದದ್ದರಿಂದ, ಮುದ್ರಿತ ಚಿತ್ರದಲ್ಲಿ ಕತ್ತಲೆಯೂ ಅದರ ನಡುವೆ ಎರಡು ಹಳದಿ ಚುಕ್ಕೆಗಳೂ ಕಂಡವು. ಕಡೆಗೆ ಪಶುವೈದ್ಯರು ಅವಳ ಹೆಗಲ ನಡುವೆ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟಿರುವ ಮೈಕ್ರೋಚಿಪ್ ಕೂರಿಸಿದರು. ಅದಕ್ಕೆ ಬ್ಯಾಟರಿಯಿಲ್ಲ, ಮೇಲೆ ಯಂತ್ರ ಹಿಡಿದಾಗಷ್ಟೇ 15 ಅಂಕಿಗಳ ಸಂಖ್ಯೆಯನ್ನು ಒಪ್ಪಿಸುತ್ತದೆ. ಆ ಸಂಖ್ಯೆಯನ್ನು ಪತ್ರದಲ್ಲಿ ಬರೆಯಿಸಿ, ಪಶುವೈದ್ಯರು ವರ್ಷಕ್ಕೊಮ್ಮೆ ಬೆಕ್ಕನ್ನು ಪರೀಕ್ಷಿಸಿ ಅದೇ ಸಂಖ್ಯೆಗೆ ಪ್ರಮಾಣಪತ್ರ ಕೊಟ್ಟರಷ್ಟೇ ಮುಂದಿನ ಹಣ ಎಂಬ ಷರತ್ತು ಹಾಕಿದೆವು. ಪಿಂಚಣಿಗಾಗಿ ನಾನು ಪ್ರತಿವರ್ಷ ಜೀವಂತ ಪ್ರಮಾಣಪತ್ರ ಕೊಡುತ್ತಿರುವುದರಿಂದ ಇದರಲ್ಲಿ ಅನ್ಯಾಯವೇನೂ ನನಗೆ ಕಾಣಲಿಲ್ಲ.

ಬೆಕ್ಕು ಈಗ ಬದುಕುತ್ತಿರುವ ರೀತಿಯಲ್ಲೇ ಮುಂದೆಯೂ ಬದುಕಬೇಕಾದರೆ ಆ ರೀತಿ ಯಾವುದೆಂದು ಪಾಲಕರಿಗೆ ತಿಳಿಯಬೇಕು. ಅದಕ್ಕಾಗಿ ಟ್ರಸ್ಟ್ ಪತ್ರದ ಜೊತೆಗೆ ಒಂದು ಸೂಚನಾಪತ್ರ ಇಡುವುದು ವಾಡಿಕೆ. ನಾನೂ ನನ್ನ ಹೆಂಡತಿಯೂ ಕುಳಿತು, ಕಸ್ತೂರಿಗೆ ಒಪ್ಪುವ ಆಹಾರ, ನೀರಿನ ಬಟ್ಟಲನ್ನು ತಟ್ಟೆಯಿಂದ ದೂರ ಇಡಬೇಕಾದ ಕಾರಣ, ಮಾತ್ರೆ ನುಂಗಿಸುವಾಗ ಹಿಡಿಯಬೇಕಾದ ಭಂಗಿ, ಮಲಗುವ ಒರಗುಕುರ್ಚಿ ಎಲ್ಲವನ್ನೂ ವಿಸ್ತಾರವಾಗಿ ಬರೆದು ಟೈಪು ಮಾಡಿಸಿದೆವು. ಟೈಪಾಗಿ ಬರುವಷ್ಟರಲ್ಲಿ ಕಸ್ತೂರಿ ಆ ಆಹಾರವನ್ನು ಮೂಸುವುದನ್ನೂ ಬಿಟ್ಟು, ಕುರ್ಚಿಯನ್ನು ತೊರೆದು, ಪ್ರಿಂಟರಿನ ಮೇಲೆ ಬಿಡಾರ ಹೂಡಿದ್ದಳು. ತಿದ್ದಿಸಲು ಹೋದಾಗ ವಕೀಲರು ಸೂಚನಾಪತ್ರವನ್ನು ಪೂರ್ತಿ ಓದಿ, ಪುಟಗಳಿಗೆಲ್ಲ ಅಡ್ಡಗೆರೆ ಎಳೆದು, ‘ಸದರಿ ಬೆಕ್ಕು ಆಯಾ ಕಾಲಕ್ಕೆ ಇಚ್ಛಿಸಿದಂತೆ’ ಎಂಬ ಒಂದೇ ಸಾಲು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.