ಟಿಣ್ ಟಿಣ್ ಗಿಣ್

ನಮ್ಮ ಮನೆಯಲ್ಲಿ ಒಗ್ಗರಣೆಗಿಂತ ಎಂಜಿನ್ನಿಗೆ ಹೆಚ್ಚು ಎಣ್ಣೆ ಖರ್ಚಾಗತೊಡಗಿ ಮೂರು ತಿಂಗಳಾಯಿತು. ಅಂಗಡಿ ಚೀಟಿಯಲ್ಲಿ ನಾನು ಮತ್ತೆ ‘ಆಯಿಲ್, 1 ಲೀಟರ್’ ಎಂದು ಸೇರಿಸಿದಾಗ ಮನೆಯಾಕೆ, “ಹಪ್ಪಳ ಕರಿಯುವುದಕ್ಕೂ ಅದನ್ನೇ ತಂದುಬಿಡಿ, ಒಂದೇ ಡಬ್ಬದಲ್ಲಿ ಮುಗಿಯುತ್ತದೆ” ಎಂದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ.

ಪಿಕಪ್ ಅಪ್ಪಯ್ಯನ ಕಾಲದ್ದು, ಪೆಟ್ರೋಲ್ ಎಂಜಿನ್ನಿನ ಸಣ್ಣ ಗಾಡಿ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ, ಬರುವಾಗ ಗೊಬ್ಬರ, ಹಿಂಡಿ, ಮದುವೆಮನೆಯ ಕಡಾಯಿ, ಒಮ್ಮೆ ಪಕ್ಕದ ಮನೆಯವರ ಎಮ್ಮೆ. ಎಲ್ಲವನ್ನೂ ಹೊತ್ತಿದೆ. ಈಗ ಅದಕ್ಕೆ ಎರಡು ಕಾಯಿಲೆ. ಮೊದಲನೆಯದು ಎಣ್ಣೆ ಕುಡಿಯುವುದು, ಸಾವಿರ ಕಿಲೊಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರು. ಸೋರುತ್ತಿರಬಹುದೆಂದು ಒಂದು ರಾತ್ರಿ ಎಂಜಿನ್ನಿನ ಕೆಳಗೆ ರಟ್ಟು ಹಾಸಿಟ್ಟೆ. ಬೆಳಿಗ್ಗೆ ರಟ್ಟಿನ ಮೇಲೆ ಒಂದು ಹನಿ ಎಣ್ಣೆ ಇರಲಿಲ್ಲ. ಎರಡು ಉಂಬಳ ಇದ್ದವು.

ಎರಡನೆಯದು ಸದ್ದು. ಹೇರು ತುಂಬಿದ ಗಾಡಿ ಮೂರನೇ ಗೇರಿನಲ್ಲಿ ಏರು ಹತ್ತುತ್ತಾ ತಿಣುಕುವಾಗ, ಖಾಲಿ ಡಬ್ಬಕ್ಕೆ ಒಣ ಗೋಟಡಿಕೆ ಹಾಕಿ ಯಾರೋ ಕುಲುಕುತ್ತಿರುವಂತೆ ಕೇಳುತ್ತದೆ. ರಸ್ತೆ ಸಮತಟ್ಟಾದ ಕೂಡಲೇ ತುಟಿ ಪಿಟಕ್ಕೆನ್ನುವುದಿಲ್ಲ.

ಮಲೆನಾಡಿನಲ್ಲಿ ಗಾಡಿ ಕೆಟ್ಟರೆ ವೈದ್ಯರಿಗೆ ಬರವಿಲ್ಲ. ಹಾಲಿನ ಡೈರಿಯ ಕಟ್ಟೆಯ ಮೇಲೆ ಕೂತವರೆಲ್ಲ ಒಕ್ಕೊರಲಿನಿಂದ ಪೆಟ್ರೋಲಿಗೆ ಬೆರೆಸುವ ಶೇ 20 ಎಥನಾಲ್ ಮೇಲೆ ಗೂಬೆ ಕೂರಿಸಿದರು. ಎಥನಾಲ್ ಬೆರೆತರೆ ಆಕ್ಟೇನ್, ಅಂದರೆ ಪೆಟ್ರೋಲು ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ, ಏರುತ್ತದೆ, ಇಂಥ ಸದ್ದು ಕಡಿಮೆಯಾಗಬೇಕಲ್ಲವೇ ಎಂದು ಕೇಳಿದ್ದಕ್ಕೆ, “ಓದಿದವರ ಜೊತೆ ವಾದ ಬೇಡ” ಎಂದು ಎದ್ದು ಹೋದರು. ಊರಿನ ಮೆಕ್ಯಾನಿಕ್ ಒಬ್ಬ ಪ್ಲಗ್ಗು ಕಿಡಿ ಹಾರಿಸುವ ಟೈಮಿಂಗ್ ಹಿಂದಕ್ಕೆ ತಿರುಗಿಸಿಕೊಟ್ಟ. ಸದ್ದು ನಿಂತಿತು, ಜೊತೆಗೆ ಗಾಡಿಯ ಉಸಿರೂ ನಿಂತಿತು. ನಮ್ಮ ಗದ್ದೆಯ ಏರಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ನನ್ನನ್ನು ದಾಟಿಕೊಂಡು ಹೋದರು. ಮರುದಿನವೇ ಹೋಗಿ ಮೊದಲಿನಂತೆ ಮಾಡಿಸಿಕೊಂಡು ಬಂದೆ.

ಇವರೆಲ್ಲರ ಮೇಲೆ ಚಿಕ್ಕಪ್ಪ. ಗಾಡಿ ಎಲ್ಲಿಗೆ ಹೊರಟರೂ ಎಡಗಡೆಯ ಸೀಟು ಅವರದು. “ಪಿಸ್ಟನ್ ರಿಂಗ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸಬೇಕು” ಎಂದು ಅವರು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಆಮೇಲೆ ಉಳಿದದ್ದು ಸಾಕ್ಷ್ಯ ಕೂಡಿಸುವ ಕೆಲಸ. ಪ್ರತಿ ಏರಿನಲ್ಲೂ ಬೆರಳೆತ್ತಿ “ಕೇಳಿಸಿತೇ?” ಎನ್ನುತ್ತಾರೆ. ಕೇಳಿಸಿತು ಎಂದರೆ “ಅದಲ್ಲ, ಈಗ ಬಂತಲ್ಲ, ಅದು” ಎನ್ನುತ್ತಾರೆ. ಮೆಕ್ಯಾನಿಕ್‌ಗೆ ಕೇಳಿಸಲೆಂದು ಆಗುಂಬೆ ಘಾಟಿಯಲ್ಲಿ ತೆಂಗಿನಕಾಯಿ ಹೇರಿಕೊಂಡು ಬರುವಾಗ ಮೊಬೈಲಿನಲ್ಲಿ ಸದ್ದನ್ನು ಹಿಡಿದಿಟ್ಟಿದ್ದೆ. ಮನೆಗೆ ಬಂದು ಹಾಕಿ ನೋಡಿದರೆ ಹದಿನಾಲ್ಕು ತಿರುವುಗಳಲ್ಲೂ ಎಂಜಿನ್ ಇಲ್ಲ. “ಕೇಳಿಸಿತೇ? ಈಗ ಕೇಳಿಸಿತೇ?” ಅಷ್ಟೇ.

ಹಾಗಾಗಿ ಕಳೆದ ಸೋಮವಾರ ಶಿವಮೊಗ್ಗದ ಗ್ಯಾರೇಜಿನಲ್ಲಿ ನನ್ನ ಮಾನ ಹೋಯಿತು. ಗ್ಯಾರೇಜು ಅಂಗೈಯಷ್ಟು ಸಮತಟ್ಟಾದ ಜಾಗದಲ್ಲಿದೆ. ಖಾಲಿ ಗಾಡಿ ಅಲ್ಲಿ ಮದುಮಗಳಂತೆ ನಿಂತಿತ್ತು. ಎಷ್ಟು ರೇಸ್ ಮಾಡಿದರೂ ಒಂದು ಅಪಸ್ವರವಿಲ್ಲ. ಮೆಕ್ಯಾನಿಕ್ ಬಾನೆಟ್ ಮೇಲೆ ಮೊಣಕೈ ಊರಿ, “ಗೌಡರೇ, ಸದ್ದು ಹೇಗೆ ಬರುತ್ತದೆ, ಒಂದು ಸಲ ಮಾಡಿ ತೋರಿಸಿ” ಎಂದ.

ಸುತ್ತ ನೋಡಿದೆ. ಕೆಲಸದ ಹುಡುಗರಿಬ್ಬರು, ಬೈಕ್ ರಿಪೇರಿಗೆ ಬಂದಿದ್ದ ಮೇಷ್ಟ್ರೊಬ್ಬರು, ಟೀ ತಂದವನು. ಗಂಟಲು ಸರಿಮಾಡಿಕೊಂಡು “ಟಿಣ್ ಟಿಣ್ ಟಿಣ್” ಎಂದೆ.

ಮೆಕ್ಯಾನಿಕ್ ಕಣ್ಣು ಮುಚ್ಚಿ ತಲೆದೂಗಿದ. “ಇದು ಎರಡನೇ ಗೇರೋ, ಮೂರನೆಯದೋ?”

“ಮೂರು.”

“ಹಾಗಾದರೆ ಸ್ವಲ್ಪ ನಿಧಾನಕ್ಕೆ, ಹೇರು ಇರುವ ಹಾಗೆ ಮಾಡಿ.”

ಹೇರು ಇರುವ ಹಾಗೆ ಮಾಡಿದೆ. ಅದಕ್ಕೆ ಮುಖವನ್ನೂ ಸ್ವಲ್ಪ ಹಿಂಡಬೇಕಾಗುತ್ತದೆ ಎಂದು ಆಗಲೇ ಗೊತ್ತಾದದ್ದು. ಅಷ್ಟರಲ್ಲಿ ಚಿಕ್ಕಪ್ಪ, “ತಪ್ಪು! ನಡುವೆ ಒಂದು ‘ಗಿಣ್’ ಇದೆ, ಅದನ್ನು ಬಿಟ್ಟೆ” ಎಂದು ತಾವೇ ಶುರು ಮಾಡಿದರು. ನಾನು ಟಿಣ್ ಟಿಣ್, ಅವರು ಗಿಣ್. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಇಬ್ಬರಿಗೂ ತಾಳ ಕೂಡಿತ್ತು. ಮೇಷ್ಟ್ರು ಹತ್ತಿರ ಬಂದು, “ನನ್ನ ಬೈಕಿನದು ಬೇರೆ, ಕರ್ ಕರ್ ಎನ್ನುತ್ತದೆ” ಎಂದು ಮಾಡಿಯೂ ತೋರಿಸಿದರು. ಟೀ ತಂದವನು ಲೋಟ ಹಿಂದಕ್ಕೆ ಕೇಳುವುದನ್ನೇ ಮರೆತ.

ಮೆಕ್ಯಾನಿಕ್ ಮಾತ್ರ ನಗಲಿಲ್ಲ. “ಘಾಟಿ ಇಳಿದ ಮೇಲೆ ಹೊಗೆ ಬರುತ್ತದೆಯೇ?” ಎಂದು ಕೇಳಿದ. ಬರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದು, ಸೋಮೇಶ್ವರದ ಹತ್ತಿರ ಮತ್ತೆ ತುಳಿದರೆ ಹಿಂದೆ ನೀಲಿ ಮೋಡ ಏಳುತ್ತದೆ. ಮೇಲೆ ಆಗುಂಬೆಯ ಮಂಜಿನಲ್ಲಿ ಅದು ಯಾರಿಗೂ ಕಾಣದೆ ಒಂದು ಮಳೆಗಾಲ ಬಚಾವಾಗಿದ್ದೆವು.

ಅವನು ಪ್ಲಗ್ಗುಗಳನ್ನು ಬಿಚ್ಚಿದ. ಎರಡು ಬಿಸ್ಕತ್ತಿನ ಬಣ್ಣ, ಎರಡು ಒದ್ದೆ ಕಾಡಿಗೆ. ಗೇಜ್ ಇಟ್ಟು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿದ, ನಾಲ್ಕೂ ಸಿಲಿಂಡರು 150ರ ಆಸುಪಾಸು. ಪ್ರತಿಯೊಂದಕ್ಕೂ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ. ರಿಂಗ್ ಸವೆದಿದ್ದರೆ ಮುಳ್ಳು ಮೇಲೇರಬೇಕಿತ್ತಂತೆ, ಏರಲಿಲ್ಲ. “ಬೋರ್ ಬೇಡ, ವಾಲ್ವ್ ಸೀಲ್ ಹೋಗಿದೆ” ಎಂದ. ಇಳಿಜಾರಿನಲ್ಲಿ ಎಂಜಿನ್ ಜೋರಾಗಿ ಉಸಿರೆಳೆಯುವಾಗ ಮೇಲಿನ ಎಣ್ಣೆ ಸೀಲಿನ ಸಂದಿಯಿಂದ ಒಳಗಿಳಿಯುತ್ತದೆ. ಆ ಎಣ್ಣೆ ಮಸಿಯಾಗಿ ಕಟ್ಟಿ ಪೆಟ್ರೋಲು ಉರಿಯುವ ಜಾಗವನ್ನು ಕಿರಿದಾಗಿಸುತ್ತದೆ, ಪೆಟ್ರೋಲಿನ ಗುಣವನ್ನೂ ಕೆಡಿಸುತ್ತದೆ. ಪ್ಲಗ್ಗಿನಿಂದ ಹೊರಟ ಬೆಂಕಿ ತನ್ನ ತನಕ ಬರಲೆಂದು ಮೂಲೆಯಲ್ಲಿರುವ ಪೆಟ್ರೋಲು ಕಾಯಬೇಕು. ಕಾಯುವುದಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತವನು ಬಡಿಸುವವನಿಗೂ ಕಾಯದೆ ಪಾತ್ರೆಗೇ ಕೈ ಹಾಕಿದ ಹಾಗೆ ತಾನೇ ಸಿಡಿಯುತ್ತದೆ. ಅದೇ ನಮ್ಮ ಗೋಟಡಿಕೆ. ಎರಡು ಕಾಯಿಲೆ ಎಂದು ನಾವು ಬೇರೆ ಬೇರೆ ಕಷಾಯ ಕುಡಿಸುತ್ತಿದ್ದದ್ದು ಒಂದೇ ಕಾಯಿಲೆಗೆ. ಚಿಕ್ಕಪ್ಪ ಟೀ ಲೋಟದ ತಳವನ್ನು ಬಹಳ ಹೊತ್ತು ನೋಡಿದರು.

ಎಣ್ಣೆಯ ಮಟ್ಟ ನೋಡಲು ಹುಡುಗ ಕಡ್ಡಿ ಹೊರಗೆಳೆದು, ಒರೆಸುವುದಕ್ಕೆಂದು ಸೀಟಿನ ಹಿಂದಿನಿಂದ ಒಂದು ಬಟ್ಟೆ ತೆಗೆದ. ಅಪ್ಪಯ್ಯನ ಹಳೆಯ ಪಂಚೆಯ ತುಂಡು. ಹಸಿರು ಅಂಚು ಇನ್ನೂ ಇದೆ, ಉಳಿದದ್ದೆಲ್ಲ ಎಣ್ಣೆ ಕುಡಿದು ಚರ್ಮದಂತೆ ಸೆಟೆದಿದೆ. ದಿನಾ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅವರು ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜ್ವರ ನೋಡುತ್ತಿದ್ದಾರೆ ಎಂದು ನಾನು ನಗುತ್ತಿದ್ದೆ. ಅವರು ಹೋದ ಮೇಲೆ ಎರಡು ವರ್ಷ ನಾನು ಆ ಕಡ್ಡಿಯನ್ನು ಮುಟ್ಟಿರಲಿಲ್ಲ. ಹುಡುಗನಿಗೆ ಗ್ಯಾರೇಜಿನ ಬಟ್ಟೆ ಕೊಟ್ಟು, ಅದನ್ನು ಮಡಚಿ ಇದ್ದ ಜಾಗದಲ್ಲೇ ಇಟ್ಟೆ.

ಹೆಡ್ ಬಿಚ್ಚಿದ್ದಾರೆ. ಸೀಲಿಗೆ ಕೆಲವೇ ನೂರು, ಬಿಚ್ಚಿ ಜೋಡಿಸುವ ಕೂಲಿಗೆ ಸಾವಿರಗಳು. ಸಾಮಾನು ‘ನಾಳೆ’ ಬರುತ್ತದೆ. ಇಂದಿಗೆ ಐದನೆಯ ‘ನಾಳೆ’. ವಿಚಾರಿಸಲು ಹೋಗಿ ಬರಿಗೈಯಲ್ಲಿ ಬಸ್ಸಿಗೆ ಮರಳುತ್ತಿದ್ದೆವು. ಸಕ್ರೆಬೈಲು ದಾಟಿ ಮಂಡಗದ್ದೆಯಲ್ಲಿ ಹತ್ತಿದ ಪರಿಚಯದವರೊಬ್ಬರು ಮುಂದಿನ ಸೀಟಿನಿಂದ ತಿರುಗಿ, “ಏನು ಗೌಡರೇ, ಬಸ್ಸಿನಲ್ಲಿ? ಗಾಡಿಗೆ ಏನಾಯಿತು?” ಎಂದರು.

“ಏನೋ ಸದ್ದು” ಎಂದು ಮಾತು ಮುಗಿಸಲು ನೋಡಿದೆ.

“ಎಂಥ ಸದ್ದು?”

ಕಿಟಕಿಯಿಂದ ಹೊರಗೆ ತುಂಗೆಯನ್ನು ನೋಡುತ್ತಾ ಕೂತೆ. ಪಕ್ಕದಲ್ಲಿ ಚಿಕ್ಕಪ್ಪ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.