ಒಂಬತ್ತು ಷೇರು, ಒಂದು ಡಾಲರು

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಇರುವುದು ಮೂರೇ ಕೌಂಟಿ, 10 ಲಕ್ಷ ಚಿಲ್ಲರೆ ಜನ. ಅಲ್ಲಿ ನೋಂದಣಿಯಾದ ಕಂಪನಿಗಳು ಮಾತ್ರ 20 ಲಕ್ಷಕ್ಕೂ ಹೆಚ್ಚು. ಹಂಚುತ್ತಾ ಹೋದರೆ ತೊಟ್ಟಿಲ ಕೂಸಿನ ಪಾಲಿಗೂ ಹೆಚ್ಚುಕಡಿಮೆ ಎರಡು ಬಂದಾವು. ವಿಲ್ಮಿಂಗ್ಟನ್ನಿನ ನಾರ್ತ್ ಆರೆಂಜ್ ಬೀದಿಯ 1209ನೇ ನಂಬರಿನ ಒಂದಂತಸ್ತಿನ ಕಟ್ಟಡವೊಂದೇ 2012ರ ಹೊತ್ತಿಗೆ 2,85,000 ಕಂಪನಿಗಳ ವಿಳಾಸವಾಗಿತ್ತು. ಅಷ್ಟು ದೊಡ್ಡ ಅವಿಭಕ್ತ ಕುಟುಂಬದಲ್ಲಿ ಬಚ್ಚಲಿಗೆಂದು ಒಮ್ಮೆಯೂ ಜಗಳವಾಗಿಲ್ಲ. ಯಾರಾದರೂ ವಾಸವಿದ್ದರಲ್ಲವೇ?

ನಮ್ಮ ಬೆಂಗಳೂರಿನ ನವೋದ್ಯಮಗಳೂ ಈ ಊರಿನ ಋಣದಲ್ಲಿದ್ದವು. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಮರಳಿದ, ಷೇರು ವಹಿವಾಟಿನ ಆ್ಯಪ್ ನಡೆಸುವ ಗ್ರೋ ಕಂಪನಿ ಅದಕ್ಕಾಗಿ ತೆತ್ತ ತೆರಿಗೆ ಸುಮಾರು 1,340 ಕೋಟಿ ರೂಪಾಯಿ.

ಡೆಲವೇರ್‌ನ ಬೊಕ್ಕಸಕ್ಕೆ ಕಂಪನಿಗಳೇ ಕಾಮಧೇನು. 1913ರಲ್ಲಿ ನೆರೆಯ ನ್ಯೂಜೆರ್ಸಿ ಕಾನೂನು ಬಿಗಿ ಮಾಡಿತು, ಬಾಡಿಗೆದಾರರೆಲ್ಲ ಪಕ್ಕದ ಮನೆಗೆ ಬಂದರು. ಬಾಡಿಗೆ ಸಲೀಸಾಗಿ ಬರುತ್ತಿರುವಾಗ ಮಾಲೀಕ ಒಳಗೆ ಇಣುಕುವುದು ಸಭ್ಯತೆಯಲ್ಲ. ಆದರೂ ಕಂಪನಿ ವ್ಯಾಜ್ಯಗಳನ್ನು ಕೇಳುವ ಅಲ್ಲಿನ ಚಾನ್ಸರಿ ಕೋರ್ಟು ಒಮ್ಮೊಮ್ಮೆ ಇಣುಕುತ್ತಿತ್ತು.

ಹಾಗೆ ಇಣುಕಿದಾಗ ಕಂಡದ್ದು ಟೆಸ್ಲಾದ ಆಡಳಿತ ಮಂಡಳಿ. 2018ರಲ್ಲಿ ಅದು ಇಲಾನ್ ಮಸ್ಕ್‌ಗೆ ಗೊತ್ತುಮಾಡಿದ ಸಂಭಾವನೆ ಗರಿಷ್ಠ 5,580 ಕೋಟಿ ಡಾಲರ್. ಚೌಕಾಸಿಗೆ ಕೂತವರಲ್ಲಿ ಒಬ್ಬರು ಮಸ್ಕ್ ಕುಟುಂಬದ ಜೊತೆ ಪ್ರವಾಸ ಹೋಗುವವರು. ಕಂಪನಿಯ ಪರ ವಕೀಲರು ಹಿಂದೆ ಮಸ್ಕ್‌ರ ವಿಚ್ಛೇದನದ ವಕೀಲರಾಗಿದ್ದವರು. ಮುಂದೆ ಇದು ದಾವೆಯಾಗಿ ಹೇಳಿಕೆ ಕೊಡುವಾಗ ಆ ವಕೀಲರು ಮಸ್ಕ್ ಮೇಲಿನ ಅಭಿಮಾನ ಉಕ್ಕಿ ಕಣ್ಣೀರು ಹಾಕಿದರು. ಗಂಡಿನ ಕಡೆಯವರೇ ಹೆಣ್ಣಿನ ಕಡೆಯ ಚಾಪೆಯಲ್ಲೂ ಕೂತು ವರದಕ್ಷಿಣೆ ಮಾತಾಡಿದರೆ ಮಾತುಕತೆ ಎಷ್ಟು ಸುಸೂತ್ರ ನೋಡಿ! ಕೇವಲ ಒಂಬತ್ತು ಷೇರು ಇದ್ದ ಒಬ್ಬಾತ ದಾವೆ ಹೂಡಿದ. 2024ರ ಜನವರಿಯಲ್ಲಿ ಕೋರ್ಟು ಆ ಸಂಭಾವನೆಯನ್ನೇ ರದ್ದು ಮಾಡಿತು.

ಡೆಲವೇರ್‌ನಲ್ಲಿ ಯಾರೂ ಕಂಪನಿ ನೋಂದಾಯಿಸಬೇಡಿ ಎಂದು ಮಸ್ಕ್ ಸಾರಿದರು. ಜೂನಿನಲ್ಲಿ ಟೆಸ್ಲಾ ಟೆಕ್ಸಾಸ್‌ಗೆ ಹೊರಟಿತು. ದೊಡ್ಡ ಬಾಡಿಗೆದಾರ ಮನೆ ಖಾಲಿ ಮಾಡಿದ್ದೇ ತಡ, ಮಾಲೀಕನ ಎದೆ ಝಲ್ಲೆಂದಿತು. 2025ರ ಮಾರ್ಚ್‌ನಲ್ಲಿ ಡೆಲವೇರ್‌ಗೆ ಹೊಸ ಕಾನೂನು ಬಂತು. ಷೇರು ಮಾರುಕಟ್ಟೆಯ ನಿಯಮದ ಪ್ರಕಾರ ನಿರ್ದೇಶಕರು ಸ್ವತಂತ್ರರೆಂದು ಮಂಡಳಿ ಹೇಳಿಬಿಟ್ಟರೆ, ಸಾಮಾನ್ಯವಾಗಿ ಅವರು ಸ್ವತಂತ್ರರೇ. ಷೇರುದಾರ ಲೆಕ್ಕಪತ್ರ ಕೇಳಿದರೆ ಸಭೆಯ ನಡಾವಳಿ ತೋರಿಸಿದರೆ ಬಹುಮಟ್ಟಿಗೆ ಸಾಕು, ಇಮೇಲ್ ಕೆದಕುವ ಹಕ್ಕು ಅಷ್ಟಕ್ಕಷ್ಟೇ. ನಡಾವಳಿಯಲ್ಲಿ ಏನಿರುತ್ತದೆ ಎಂಬುದು ಸಹಕಾರ ಸಂಘದ ವಾರ್ಷಿಕ ಸಭೆಗೆ ಹೋಗಿ ಕೋಡುಬಳೆ ತಿಂದು ಬಂದವರಿಗೆಲ್ಲ ಗೊತ್ತು. ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಟೆಕ್ಸಾಸ್ ಸುಮ್ಮನಿರುತ್ತದೆಯೇ? ಕಂಪನಿಯ ಪರವಾಗಿ ನಿರ್ದೇಶಕರ ಮೇಲೆ ದಾವೆ ಹೂಡಲು ಶೇ 3ರಷ್ಟು ಷೇರು ಇರಲೇಬೇಕೆಂಬ ನಿಯಮ ಮಾಡಿಕೊಳ್ಳಲು ಮೇ ತಿಂಗಳಲ್ಲಿ ಅದು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಟೆಸ್ಲಾ ತಕ್ಷಣ ಅಳವಡಿಸಿಕೊಂಡಿತು. ಆಗಿನ ಬೆಲೆಯಲ್ಲಿ ಶೇ 3 ಎಂದರೆ 3,000 ಕೋಟಿ ಡಾಲರ್‌ಗೂ ಹೆಚ್ಚು. ಬಡಪಾಯಿಗಳ ದೂರು ಬೇಡ ಎಂದು ಯಾರೂ ಹೇಳಿಲ್ಲ, ಬಡಪಾಯಿಗಳು ಮೊದಲು ಅಷ್ಟು ಹೊಂದಿಸಿಕೊಂಡು ಬರಲಿ ಎಂದಿದ್ದಾರೆ.

ಡಿಸೆಂಬರ್‌ನಲ್ಲಿ ಡೆಲವೇರ್‌ನ ಸುಪ್ರೀಂ ಕೋರ್ಟು ಆ ಹಳೆಯ ಸಂಭಾವನೆಯನ್ನು ಮಸ್ಕ್‌ಗೆ ಮರಳಿಸಿತು. ಆರು ವರ್ಷ ದುಡಿದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಎದುರು ಪಕ್ಷಕ್ಕೆ ನಾಮಮಾತ್ರದ ಪರಿಹಾರವೆಂದು 1 ಡಾಲರ್ ಕೊಡಿಸಿತು. ಒಂಬತ್ತು ಷೇರಿಗೆ ಭಾಗಿಸಿ ನೋಡಿದೆ, ಷೇರಿಗೆ ಹನ್ನೊಂದು ಸೆಂಟು ಬಂತು, ಒಂದು ಸೆಂಟು ಉಳಿಯಿತು.